ಹಳೇ ಕಾರನ್ನು ದಿನಾ ಓಡಿಸಬಹುದಾ?

ನನ್ನ ಕಾರು ನೋಡಿದವರು ಕೇಳುವುದು ಒಂದೇ ಪ್ರಶ್ನೆ: "ಐವತ್ತು ವರ್ಷ ದಾಟಿದ ಗಾಡಿಯಲ್ಲಿ ದಿನಾ ಕೆಲಸಕ್ಕೆ ಹೋಗ್ತೀರಲ್ಲ, ದಾರಿಯಲ್ಲಿ ಕೈಕೊಡಲ್ವಾ?"

ಅಪರೂಪಕ್ಕೆ ಕೊಡುತ್ತದೆ. ಆದರೆ ಓಡಿಸಿ ಕೆಡುವುದಕ್ಕಿಂತ ಸುಮ್ನೆ ನಿಲ್ಲಿಸಿ ಕೆಡುವುದೇ ಜಾಸ್ತಿ. ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಹಳಸಿ ಕಾರ್ಬ್ಯುರೇಟರ್ ಜೆಟ್‌ಗಳಲ್ಲಿ, ಅಂದರೆ ಎಂಜಿನ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತುಗಳಲ್ಲಿ, ಅಂಟುತ್ತದೆ. ಬ್ಯಾಟರಿ ಇಳಿಯುತ್ತದೆ. ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ದಿನಾ ಓಡುವ ಗಾಡಿಗೆ ಈ ಕಾಟ ಕಡಿಮೆ.

ಗಾಡಿ ಕೆಟ್ಟು ನಿಂತರೆ ನನಗೆ ಭಯವಿಲ್ಲ. ನಿಲ್ಲಬೇಕಾದಾಗ ನಿಲ್ಲದಿದ್ದರೆ ಏನು ಮಾಡುವುದು? 1950ರ ದಶಕದ ಬಹಳಷ್ಟು ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅದೂ ಒಂದೇ ಸರ್ಕ್ಯೂಟ್, ಅಂದರೆ ನಾಲ್ಕಕ್ಕೂ ಬ್ರೇಕ್ ಆಯಿಲ್ ಹೋಗುವ ದಾರಿ ಒಂದೇ. ಒಂದು ಕಡೆ ಬ್ರೇಕ್ ಆಯಿಲ್ ಸೋರಿತೋ, ನಾಲ್ಕೂ ಹೋದವು. ಉದ್ದ ಇಳಿಜಾರಿನಲ್ಲಿ ಒತ್ತುತ್ತಲೇ ಬಂದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಮುಂದಿರುವ ಹೊಸ ಕಾರು ತಟ್ಟನೆ ನಿಲ್ಲುತ್ತದೆ, ನಮ್ಮದಕ್ಕೆ ಇನ್ನಷ್ಟು ದೂರ ಬೇಕು. ಅದಕ್ಕೇ ಹೇಳುವುದು, ಬಣ್ಣಕ್ಕೆ, ಕ್ರೋಮ್‌ಗೆ ದುಡ್ಡು ಸುರಿಯುವ ಮೊದಲು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನು ಎರಡು ಸರ್ಕ್ಯೂಟಿನದ್ದು ಹಾಕಿಸಿ. ಸಾಧ್ಯವಾದರೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂಡ. ಹಾಗೆ ಮಾಡಿದರೆ ಕಾರು ಒರಿಜಿನಲ್ ಉಳಿಯಲ್ಲ ಎಂದು ಮುಖ ಸಿಂಡರಿಸುವವರಿದ್ದಾರೆ. ಅವರ ಕಾರು ಟ್ರೇಲರ್ ಮೇಲೆ ಪ್ರದರ್ಶನಕ್ಕೆ ಹೋಗುತ್ತದೆ, ಬಿಡಿ.

ಆಮೇಲೆ ಪೆಟ್ರೋಲ್ ಪೈಪು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ. ಎಥನಾಲ್ ತಾಳುವ ಪೈಪು ಹಾಕಿಸಿದರೆ ಆಯಿತು, ದೊಡ್ಡ ಖರ್ಚಲ್ಲ. ಬ್ಯಾಟರಿ ಚಾರ್ಜ್ ಮಾಡಲು ಹಳೇ ಕಾಲದ ಡೈನಮೋ ಇದ್ದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಚಾರ್ಜ್ ಆಗುವುದು ಅಷ್ಟಕ್ಕಷ್ಟೇ. ರಾತ್ರಿ, ಮಳೆ, ಲೈಟು, ವೈಪರ್ ಎಲ್ಲ ಒಟ್ಟಿಗೆ ಬಂದರೆ ಬ್ಯಾಟರಿ ಸೋಲುತ್ತದೆ. ಅದರ ಬದಲು ನಿಧಾನಕ್ಕೆ ತಿರುಗುವಾಗಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿಸಿದರೆ ಆ ಚಿಂತೆ ಇಲ್ಲ.

ಯಾವ ಕಾರು ಎಂದರೆ, ಲೆಕ್ಕವಿಲ್ಲದಷ್ಟು ಮಾರಾಟವಾದದ್ದು. ಫೋಕ್ಸ್‌ವ್ಯಾಗನ್ ಬೀಟಲ್ 2003ರವರೆಗೂ ತಯಾರಾಯಿತು, ಒಟ್ಟು ಎರಡು ಕೋಟಿಗೂ ಹೆಚ್ಚು. ಮಾರಿಸ್ ಮೈನರ್ 1948ರಿಂದ 1971ರವರೆಗೆ ಬಂತು. ಇಂಥವಕ್ಕೆ ಬಿಡಿಭಾಗ ಇನ್ನೂ ಸಿಗುತ್ತವೆ. ಅಪರೂಪದ ಮಾಡೆಲ್ ಕೊಂಡರೆ ಮುಂದಿನ ಗಾಜು ಒಡೆದ ದಿನವೇ ದಿನಬಳಕೆ ಮುಗಿಯಿತು.

ಕೆಲವರು ಮುಂದುವರಿದು ಕೇಳುತ್ತಾರೆ: "ಮಕ್ಕಳನ್ನೂ ಸ್ಕೂಲಿಗೆ ಇದರಲ್ಲೇ ಬಿಡಬಹುದಾ?" ಬೇಡ ಅನ್ನುತ್ತೇನೆ. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು ವೋಲ್ವೋ 1959ರಲ್ಲೇ ತಂದರೂ, ಆಗಿನ ಎಷ್ಟೋ ಕಾರುಗಳ ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ. ಬೆಲ್ಟ್ ಹಾಕಿಸಬಹುದು. ಏರ್‌ಬ್ಯಾಗ್ ಎಲ್ಲಿಂದ ತರುವುದು?