ಜೀನ್ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಕಾಯಿಲೆ ವಂಶದ್ದಲ್ಲ ಎಂದರ್ಥವೇ?

"ಎಕ್ಸೋಮ್ ಪರೀಕ್ಷೆ ಮಾಡಿಸಿದ್ದೇವೆ, ಏನೂ ಸಿಗಲಿಲ್ಲ. ಹಾಗಾದರೆ ಇದು ಮಕ್ಕಳಿಗೆ ಬರುವ ಕಾಯಿಲೆ ಅಲ್ಲ ತಾನೇ?" ಆನುವಂಶಿಕ ನರರೋಗಗಳ ಮೇಲೆ ಕೆಲಸ ಮಾಡುವವರನ್ನು ರೋಗಿಗಳ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹಾಗೆ ತೀರ್ಮಾನಿಸಲು ಬರುವುದಿಲ್ಲ. ಆ ಪರೀಕ್ಷೆ ಏನನ್ನು ಹುಡುಕಿತು, ಏನನ್ನು ಹುಡುಕಲೇ ಇಲ್ಲ ಎಂಬುದು ಮೊದಲು ಗೊತ್ತಾಗಬೇಕು.

ಎಕ್ಸೋಮ್ ಓದುವುದು ಪ್ರೋಟೀನ್ ತಯಾರಿಕೆಯ ಸೂಚನೆ ಇರುವ ಭಾಗವನ್ನು ಮಾತ್ರ. ಇಡೀ ಡಿಎನ್‌ಎಯಲ್ಲಿ ಅದು ಶೇ. 1ರಿಂದ 2ರಷ್ಟು. ಓದುವುದೂ ಸಾಮಾನ್ಯವಾಗಿ ಡಿಎನ್‌ಎಯ 150 ಅಕ್ಷರಗಳ (ಎ, ಸಿ, ಜಿ, ಟಿ) ಆಸುಪಾಸಿನ ತುಣುಕುಗಳಲ್ಲಿ. ಒಂದು ಅಕ್ಷರ ಬದಲಾಗಿದ್ದರೆ, ಒಂದೆರಡು ಬಿಟ್ಟುಹೋಗಿದ್ದರೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ನರರೋಗಗಳ ದೊಡ್ಡದೊಂದು ಗುಂಪಿನಲ್ಲಿ ಇರುವುದು ಕಾಗುಣಿತದ ತಪ್ಪಲ್ಲ, ತೊದಲು: ಕೆಲವೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ.

ಮೈಕೈ ತಾನಾಗಿಯೇ ಅಲುಗಾಡುವ, ಬುದ್ಧಿಶಕ್ತಿ ಕುಗ್ಗುವ ಹಂಟಿಂಗ್ಟನ್ ಕಾಯಿಲೆಯ ಜೀನ್ 1993ರಲ್ಲಿ ಸಿಕ್ಕಾಗ ಕಂಡದ್ದು ಇದನ್ನೇ. ಅಲ್ಲಿ ಸಿಎಜಿ ಎಂಬ ಮೂರಕ್ಷರ 26 ಸಲದವರೆಗೆ ಬಂದರೆ ಸಹಜ. 40 ಮುಟ್ಟಿದರೆ, ಪೂರ್ಣ ಆಯಸ್ಸು ಬದುಕಿದವರಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. 36ರಿಂದ 39 ಇದ್ದವರಿಗೆ ಬರಬಹುದು, ಬಾರದೆಯೂ ಇರಬಹುದು. 27ರಿಂದ 35 ಇದ್ದವರಿಗೆ ಸಾಮಾನ್ಯವಾಗಿ ಬರುವುದಿಲ್ಲ, ಆದರೆ ಮುಂದಿನ ಪೀಳಿಗೆಗೆ ದಾಟುವಾಗ, ಅದರಲ್ಲೂ ತಂದೆಯಿಂದ ದಾಟುವಾಗ, ಸಂಖ್ಯೆ ಬೆಳೆಯಬಹುದು. "ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ" ಎಂಬ ಮಾತು ಪೂರ್ತಿ ನಿಜವಾಗಿದ್ದೂ ಕಾಯಿಲೆ ವಂಶದ್ದೇ ಆಗುವ ಒಂದು ಬಗೆ ಇದು.

ನಡಿಗೆ, ಕೈಕಾಲುಗಳ ಹಿಡಿತ ತಪ್ಪುವ ಫ್ರೀಡ್ರೈಕ್ ಅಟಾಕ್ಸಿಯಾದಲ್ಲಿ ಜಿಎಎ ಎಂಬ ಮೂರಕ್ಷರ ನೂರಾರು ಸಲ ಬರುತ್ತದೆ, ಅದೂ ಜೀನಿನ ಇಂಟ್ರಾನ್ ಭಾಗದಲ್ಲಿ, ಅಂದರೆ ಪ್ರೋಟೀನ್ ಸೂಚನೆ ಇಲ್ಲದ ಕಡೆ. ಎಕ್ಸೋಮ್ ಅತ್ತ ಹೋಗುವುದೇ ಇಲ್ಲ. ಹೋದರೂ ಸಣ್ಣ ತುಣುಕುಗಳಿಂದ ಅಷ್ಟು ಉದ್ದದ ತೊದಲನ್ನು ಎಣಿಸಲಾಗದು. ಇದಕ್ಕೆ ತೊದಲನ್ನೇ ಗುರಿಯಾಗಿಸಿ ಹುಡುಕುವ ರಿಪೀಟ್-ಪ್ರೈಮ್ಡ್ ಪಿಸಿಆರ್ ಅಥವಾ ಉದ್ದನೆಯ ತುಣುಕುಗಳನ್ನು ಓದುವ ಲಾಂಗ್-ರೀಡ್ ಸೀಕ್ವೆನ್ಸಿಂಗ್ ಬೇಕು. ಪಾದಗಳ ಸ್ಪರ್ಶ ಕಳೆದುಹೋಗಿ, ನಡಿಗೆ ತೂರಾಡುತ್ತ, ಅದಕ್ಕೂ ಹಲವು ವರ್ಷ ಮೊದಲಿನಿಂದ ಒಣಕೆಮ್ಮು ಇದ್ದರೆ ಆರ್‌ಎಫ್‌ಸಿ1 ಜೀನನ್ನು ನೋಡಲೇಬೇಕು. ಅದರಲ್ಲಿನ ಇಂಥದೇ ತೊದಲು ಗೊತ್ತಾದದ್ದು 2019ರಲ್ಲಿ. ಅದಕ್ಕಿಂತ ಹಳೆಯ ರಿಪೋರ್ಟಿನ "ನೆಗೆಟಿವ್" ಈ ಜೀನಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪ್ರತಿಗಳ ಲೆಕ್ಕ ತಪ್ಪುವುದು ಇನ್ನೊಂದು ಬಗೆ. ಕೈಕಾಲುಗಳ ನರಗಳು ದುರ್ಬಲವಾಗುವ ಷಾರ್ಕೊ-ಮರಿ-ಟೂತ್ 1ಎ ಕಾಯಿಲೆಯಲ್ಲಿ ಪಿಎಂಪಿ22 ಜೀನಿನ ಪ್ರತಿ ಎರಡಿರುವ ಬದಲು ಮೂರಿರುತ್ತದೆ. ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ. ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಪರೀಕ್ಷೆಯಲ್ಲಿ ಇದು ಸುಲಭವಾಗಿ ಸಿಗುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ನಡೆಯುತ್ತದೆ, ಅದರಿಂದಾಗುವ ಹಾನಿ ಹೆಚ್ಚು ಎಂದೇ ನನ್ನ ಅಭಿಪ್ರಾಯ. ರಿಪೋರ್ಟಿನಲ್ಲಿ "ವಿಯುಎಸ್" ಎಂದು ಬಂದರೆ ಬದಲಾವಣೆಯೊಂದು ಕಂಡಿದೆ, ಅದು ರೋಗಕಾರಕವೋ ಅಲ್ಲವೋ ತಿಳಿದಿಲ್ಲ ಎಂದಷ್ಟೇ ಅರ್ಥ. ಅದನ್ನು ನಂಬಿ ಮದುವೆ, ಗರ್ಭಧಾರಣೆಗಳ ನಿರ್ಧಾರ ಮಾಡಬಾರದು. ಕಾಯಿಲೆ ಇರುವ ಬಂಧುಗಳಲ್ಲೆಲ್ಲ ಅದು ಇದೆಯೇ, ಆರೋಗ್ಯವಾಗಿರುವ ಹಿರಿಯರಲ್ಲಿ ಇಲ್ಲವೇ ಎಂದು ಪರೀಕ್ಷಿಸಬೇಕು. ಹಿರಿಯರೇ ಏಕೆಂದರೆ, 50ರ ಮೇಲೆ ಶುರುವಾಗುವ ಕಾಯಿಲೆಗೆ 25ರ ತಮ್ಮ ಆರೋಗ್ಯವಾಗಿರುವುದು ಸಾಕ್ಷಿಯಾಗದು.

ಹಾಗಾಗಿ ನೆಗೆಟಿವ್ ರಿಪೋರ್ಟಿನ ಮೊದಲ ಪುಟಕ್ಕೆ ನಿಲ್ಲಬೇಡಿ. ಪರೀಕ್ಷಾ ವಿಧಾನ ಮತ್ತು ಅದರ ಮಿತಿಗಳನ್ನು ಬರೆದಿರುವ ಕೊನೆಯ ಪುಟಗಳನ್ನೂ ವೈದ್ಯರಿಗೆ ತೋರಿಸಿ. ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ: ಯಾರಿಗೆ ಯಾವ ವಯಸ್ಸಿನಲ್ಲಿ ಏನು ಶುರುವಾಯಿತು, ಯಾರು ಚಿಕ್ಕವಯಸ್ಸಿನಲ್ಲೇ ತೀರಿಕೊಂಡರು, ರಕ್ತಸಂಬಂಧದಲ್ಲಿ ಮದುವೆ ಆಗಿದೆಯೇ. ಪ್ರಯೋಗಾಲಯದಿಂದ ಕಚ್ಚಾ ಡೇಟಾ ಕೇಳಿ ಪಡೆದಿಟ್ಟುಕೊಳ್ಳಿ. ಒಂದೆರಡು ವರ್ಷ ಬಿಟ್ಟು ಅದನ್ನೇ ಮರುವಿಶ್ಲೇಷಣೆ ಮಾಡಿದಾಗ, ಹೊಸದಾಗಿ ರಕ್ತ ತೆಗೆಯದೆಯೇ ಉತ್ತರ ಸಿಕ್ಕ ಕುಟುಂಬಗಳು ಎಷ್ಟೋ ಇವೆ.

ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಮಾತ್ರ ಕೂರಬೇಡಿ. ವಿಟಮಿನ್ ಇ ಕೊರತೆಯ ಆನುವಂಶಿಕ ಅಟಾಕ್ಸಿಯಾ ನೋಡಲು ಥೇಟ್ ಫ್ರೀಡ್ರೈಕ್‌ನಂತೆಯೇ ಇರುತ್ತದೆ, ಆದರೆ ವಿಟಮಿನ್ ಇಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಅದು ಮುಂದುವರಿಯುವುದನ್ನು ತಡೆಯಬಹುದು. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗೂ ಔಷಧ ಇದೆ. ರಕ್ತದ ವಿಟಮಿನ್ ಇ, ಸೆರುಲೋಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್), 24 ಗಂಟೆಯ ಮೂತ್ರದ ತಾಮ್ರ: ಲಕ್ಷಣಗಳು ಹೊಂದುವಂತಿದ್ದರೆ ಇವು ಮೊದಲ ವಾರದಲ್ಲೇ ಆಗಬೇಕು.