ಕಾಂಟೆಸ್ಸಾ ಬ್ರೇಕ್: ಅರ್ಧ ಮಿಲಿಮೀಟರ್ ಕೆಲಸ

ನನ್ನ ಕಾಂಟೆಸ್ಸಾ ಕಾರು ಈಗ ಓಡುತ್ತಿದೆ, ನಿಲ್ಲುತ್ತಿದೆ, ನಿಂತ ಮೇಲೆ ಬ್ರೇಕ್ ಬಿಡುತ್ತಲೂ ಇದೆ. ತಲೆನೋವು ಇದ್ದದ್ದು ಈ ಕೊನೆಯದರಲ್ಲೇ.

ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಪಂಪು) ಹಾಕಿದಾಗಿನಿಂದ ಮುಂದಿನ ಎರಡೂ ಚಕ್ರ ಹಿಡಿದುಕೊಳ್ಳುತ್ತಿದ್ದವು. ಮನೆಯಿಂದ ಹೊರಟಾಗ ಸರಿ ಇರುತ್ತಿತ್ತು. ಪಿ.ಬಿ. ರೋಡಿನ ಟ್ರಾಫಿಕ್ ದಾಟಿ ಹರಿಹರದ ಕಡೆ ಹೋಗುವಷ್ಟರಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಡಿಸ್ಕಿನಿಂದ ಸುಟ್ಟ ವಾಸನೆ. ಸ್ಪೇರ್ ಅಂಗಡಿಯಲ್ಲಿ "ಓಡ್ತಾ ಓಡ್ತಾ ಸೆಟ್ ಆಗುತ್ತೆ ಸಾರ್" ಅಂದರು. ಒಬ್ಬ ಮೇಸ್ತ್ರಿ ಎರಡೂ ಕ್ಯಾಲಿಪರ್‌ಗೆ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ರಬ್ಬರ್ ಸೀಲಿನ ಕಿಟ್ ಹಾಕಿಸಿ ಅಂದರು. ಎರಡೂ ಒಟ್ಟಿಗೆ ಒಂದೇ ದಿನ ಕೆಡೋಕೆ ಮೊದಲೇ ಮಾತಾಡಿಕೊಂಡಿದ್ದವಾ?

ಶನಿವಾರ

ಒಂದು ಸುತ್ತು ಓಡಿಸಿ, ಬ್ರೇಕ್ ಹಿಡಿದಿರುವಾಗಲೇ ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟೆ. ಕೈಯಲ್ಲಿ ತಿರುಗಿಸಿದರೆ ಅಲ್ಲಾಡಲಿಲ್ಲ. ಆಮೇಲೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ (ಕಾಲಿನ ಒತ್ತಿಗೆ ಬಲ ಸೇರಿಸುವ ಭಾಗ) ಹಿಡಿದಿರುವ ಎರಡು ನಟ್ಟುಗಳನ್ನು ಪಾನಾ ಹಾಕಿ ಸ್ವಲ್ಪ ಸಡಿಲ ಮಾಡಿದೆ. ಸಿಲಿಂಡರ್ ಒಂಚೂರು ಮುಂದೆ ಸರಿಯಿತು. ಚಕ್ರ ತಕ್ಷಣ ಬಿಟ್ಟಿತು.

ಕ್ಯಾಲಿಪರ್ ಮುಟ್ಟದೆಯೇ ಚಕ್ರ ಬಿಟ್ಟಿತಲ್ಲ, ಅದರ ತಪ್ಪಿಲ್ಲ ಅಂತ ಇಷ್ಟರಲ್ಲೇ ಗೊತ್ತಾಯಿತು. ಪೆಡಲ್ ಕಡೆಯೂ ನೋಡಿದೆ. ಫ್ರೀ ಪ್ಲೇ (ಪೆಡಲ್ ಹಿಡಿಯುವ ಮೊದಲಿನ ಸಡಿಲ) ಇದೆ, ಬ್ರೇಕ್ ಲೈಟಿನ ಸ್ವಿಚ್ ಪೆಡಲನ್ನು ಒತ್ತಿ ಹಿಡಿದಿಲ್ಲ. ಉಳಿದದ್ದು ಬೂಸ್ಟರಿನ ಪುಶ್ ರಾಡ್, ಅಂದರೆ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುವ ಸಲಾಕೆ.

ಮಾಸ್ಟರ್ ಸಿಲಿಂಡರ್ ಒಳಗೆ, ಪಿಸ್ಟನ್ನಿನ ರಬ್ಬರ್ ಕಪ್ಪಿನ ಮುಂದೆಯೇ, ಆಯಿಲ್ ಡಬ್ಬಿಗೆ ಹೋಗುವ ಸೂಜಿ ಗಾತ್ರದ ಒಂದು ತೂತು ಇರುತ್ತದೆ. ಪೆಡಲ್ ಬಿಟ್ಟಾಗ ಅದು ತೆರೆದಿರಬೇಕು. ಬಿಸಿಯಾಗಿ ಹಿಗ್ಗಿದ ಬ್ರೇಕ್ ಆಯಿಲ್ ಡಬ್ಬಿಗೆ ವಾಪಸ್ ಬರುವುದು ಅಲ್ಲಿಂದಲೇ. ರಾಡ್ ಉದ್ದ ಜಾಸ್ತಿಯಾದರೆ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಕಪ್ ತೂತನ್ನು ಮುಚ್ಚಿಬಿಡುತ್ತದೆ. ಬಿಸಿ ಏರಿದಂತೆ ಪ್ರೆಶರ್ ಒಳಗೇ ಸಿಕ್ಕಿಕೊಂಡು ಪ್ಯಾಡ್ ಡಿಸ್ಕನ್ನು ಒತ್ತುತ್ತದೆ. ಒತ್ತಿದರೆ ಇನ್ನೂ ಬಿಸಿ. ದಾವಣಗೆರೆಯ ಏಪ್ರಿಲ್ ಬಿಸಿಲು ಬೇರೆ. ಓಡ್ತಾ ಓಡ್ತಾ ಸೆಟ್ ಆಗೋ ಕಾಯಿಲೆ ಅಲ್ಲ ಇದು, ಓಡ್ತಾ ಓಡ್ತಾ ಜಾಸ್ತಿ ಆಗೋದು.

ಹಾಗಂತ ರಾಡ್ ಗಿಡ್ಡ ಮಾಡಿದರೂ ಕಷ್ಟ. ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ, ಬ್ರೇಕ್ ತಡವಾಗಿ ಸಿಗುತ್ತದೆ.

ಭಾನುವಾರ

ಸಿಲಿಂಡರ್ ಬಿಚ್ಚಿ ವರ್ನಿಯರ್ ಹಿಡಿದೆ. ಸಿಲಿಂಡರ್ ಕೂರುವ ಮುಖದಿಂದ ಪಿಸ್ಟನ್ನಿನಲ್ಲಿ ರಾಡ್ ಕೂರುವ ಗುಳಿಯ ತಳಕ್ಕೆ 12.3 ಮಿ.ಮೀ. ಬೂಸ್ಟರ್ ಮುಖದಿಂದ ರಾಡಿನ ತುದಿಗೆ 12.9. ಅಂದರೆ ಕೂರಿಸಿದ ಕ್ಷಣದಿಂದಲೇ ರಾಡ್ ಪಿಸ್ಟನ್ನನ್ನು 0.6 ಮಿ.ಮೀ. ಒಳಗೆ ತಳ್ಳಿರುತ್ತದೆ. ಹಳೇ ಸಿಲಿಂಡರ್ ಇನ್ನೂ ಎಸೆದಿರಲಿಲ್ಲ. ಅಳೆದು ನೋಡಿದರೆ ಅದರ ಗುಳಿ ಹೊಸದಕ್ಕಿಂತ ಒಂದು ಮಿ.ಮೀ.ಗೂ ಜಾಸ್ತಿ ಆಳ. ಹೊರಗಿನಿಂದ ಎರಡೂ ಒಂದೇ ಥರ, ಬೋಲ್ಟ್ ತೂತುಗಳೂ ಸರಿಯಾಗಿ ಕೂರುತ್ತವೆ.

ವರ್ನಿಯರ್ ಮೇಲೆ ಪೂರ್ತಿ ನಂಬಿಕೆ ಸಾಲದೆ ಹರಿಹರದ ಟರ್ನರ್ ಕಾಕಾ ಹತ್ತಿರ ಹೋದೆ. ಮೈಸೂರು ಕಿರ್ಲೋಸ್ಕರ್ ಅಲ್ಲಿ 1941ರಲ್ಲಿ ಶುರುವಾಗಿ ಲೇತ್ ಮಾಡುತ್ತಿದ್ದ ಕಾರ್ಖಾನೆ. ಅದು ಮುಚ್ಚಿ ವರ್ಷಗಳಾದವು, ಕಾಕಾ ಇನ್ನೂ ಅದೇ ಕಂಪನಿಯ ಲೇತಿನಲ್ಲೇ ಕೆಲಸ ಮಾಡುತ್ತಾರೆ. "ಲೆಕ್ಕ ಯಾಕಪ್ಪಾ, ಗೇಜ್ ಮಾಡ್ಕೊ" ಅಂದರು. ಹಿತ್ತಾಳೆ ಪಟ್ಟಿಯ ಮಧ್ಯೆ ತೂತು ಕೊರೆದು, ಜಾರುವ ಒಂದು ಪಿನ್ನು, ಅದನ್ನು ಬಿಗಿಯುವ ಸಣ್ಣ ಸ್ಕ್ರೂ ಕೂರಿಸಿಕೊಟ್ಟರು. ಪಟ್ಟಿಯನ್ನು ಸಿಲಿಂಡರ್ ಮೇಲಿಟ್ಟು, ಪಿನ್ನು ಗುಳಿಯ ತಳ ಮುಟ್ಟಿದಾಗ ಬಿಗಿಯುವುದು. ಆಮೇಲೆ ಬೂಸ್ಟರ್ ಕಡೆ ರಾಡ್ ಎಷ್ಟು ಹೊರಗಿದೆ ಅಂತ ಪಿನ್ನಿನ ಉದ್ದಕ್ಕೆ ಹೋಲಿಸುವುದು. ಅಂಗಡಿಯಲ್ಲಿ ಸಿಗುವ ಗೇಜಿಗಿಂತ ಇದೇ ನನಗೆ ಇಷ್ಟವಾಯಿತು.

ನನ್ನ ಬೂಸ್ಟರ್ ರಾಡಿನ ತುದಿಯಲ್ಲಿ ತಿರುಗಿಸುವ ಬೋಲ್ಟ್ ಇದೆ. ಕೆಲವು ಬೂಸ್ಟರ್‌ಗಳಲ್ಲಿ ರಾಡ್ ಒಂದೇ ತುಂಡು, ಅದಕ್ಕೆ ಈ ಆಟ ನಡೆಯಲ್ಲ. ರಾಡನ್ನು ಇಕ್ಕಳದಲ್ಲಿ ಭದ್ರವಾಗಿ ಹಿಡಿದು, ಬೋಲ್ಟನ್ನು ಒಂದು ಸುತ್ತಿಗಿಂತ ತುಸು ಜಾಸ್ತಿ ಒಳಗೆ ತಿರುಗಿಸಿದೆ. ಗೇಜ್ ಇಟ್ಟಾಗ ಪಿನ್ನಿಗಿಂತ ರಾಡ್ ಅರ್ಧ ಮಿ.ಮೀ. ಗಿಡ್ಡ, ಫೀಲರ್ ಗೇಜಿನ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) 0.5 ಎಲೆ ಎಳೆದರೆ ಸ್ವಲ್ಪ ಹಿಡಿದು ಬರುತ್ತದೆ. ಈ ಅಂತರ ಪೆಡಲಿನಲ್ಲಿ ಅದರ ಕೆಲವು ಪಟ್ಟು ಆಗಿ ಕಾಣಿಸುತ್ತದೆ. ಅಷ್ಟು ಇದ್ದರೆ ತೊಂದರೆ ಇಲ್ಲ.

ಸಿಲಿಂಡರ್ ಕೂರಿಸಿ, ಆಯಿಲ್ ತುಂಬಿ, ಬ್ಲೀಡಿಂಗ್ ಮಾಡಿ (ಪೈಪಿನೊಳಗಿನ ಗಾಳಿ ಹೊರಹಾಕಿ), ಡಬ್ಬಿಯ ಮುಚ್ಚಳ ತೆಗೆದು ಇಣುಕಿದೆ. ಅಕ್ಕನ ಮಗ ಸೀಟಿನಲ್ಲಿ.

"ಮಾಮಾ, ಒತ್ತಲಾ?"

"ಮೆಲ್ಲಗೆ ಒತ್ತೋ, ಒಂದಿಂಚು ಸಾಕು."

ಡಬ್ಬಿಯ ತಳದಿಂದ ಆಯಿಲ್ ಚಿಕ್ಕ ಬುಗ್ಗೆಯಾಗಿ ಎದ್ದು ನಿಂತಿತು. ಹಿಂದೆ ಇದು ಬರುತ್ತಿರಲೇ ಇಲ್ಲ. ಕಪ್ ದಾಟುವ ಮೊದಲು ತೂತು ತೆರೆದಿದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ. (ಪೂರ್ತಿ ಜೋರಾಗಿ ಒತ್ತಿಸಬೇಡಿ, ಆಯಿಲ್ ಚಿಮ್ಮಿ ಬಾನೆಟ್ಟಿನ ಪೇಂಟ್ ತಿನ್ನುತ್ತದೆ.)

ಗುರುವಾರ

ಮಧ್ಯಾಹ್ನದ ಬಿಸಿಲಲ್ಲೇ ಹೈವೇ ಹಿಡಿದು ಭರಮಸಾಗರದವರೆಗೆ ಹೋಗಿ ಬಂದೆ, ಬೇಕಂತಲೇ ಪದೇ ಪದೇ ಬ್ರೇಕ್ ಒತ್ತಿ. ನಿಲ್ಲಿಸಿ ಜಾಕ್ ಕೊಟ್ಟರೆ ಚಕ್ರ ಕೈಗೆ ಸಲೀಸಾಗಿ ತಿರುಗಿತು, ಪ್ಯಾಡ್ ಸವರುವ ಸದ್ದು ಮಾತ್ರ. ಪೆಡಲ್ ಮೊದಲಿಗಿಂತ ಕೂದಲೆಳೆ ಕೆಳಗಿದೆ, ಗಟ್ಟಿಯಾಗುತ್ತಿಲ್ಲ.

ಬೂಸ್ಟರಿನ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಹತ್ತಿರ ಸಣ್ಣ ಸಿಳ್ಳೆ ಕೇಳಿಸುತ್ತಿದೆ. ಅಲ್ಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದೆ. ಹೊಸ ರಬ್ಬರ್ ಸಿಕ್ಕ ಮೇಲೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚುತ್ತೇನೆ.