ಐಸ್ ಕಟ್ಟದ ಫ್ರಿಜ್ಜು ಮತ್ತು ಅದು ನಿಂತಿರುವ ಮನೆ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಮನೆಗಳಲ್ಲಿ ಫ್ರಿಜ್ ದುರಸ್ತಿ ಮಾಡುವ ನನಗೆ ಚಳಿಗಾಲದಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ: ಕೆಳಗಿನ ಖಾನೆಯಲ್ಲಿ ಹಾಲು, ತರಕಾರಿ ಚೆನ್ನಾಗಿಯೇ ತಣ್ಣಗಿವೆ, ಆದರೆ ಫ್ರೀಜರಿನಲ್ಲಿ ಐಸ್ ಕಟ್ಟುತ್ತಿಲ್ಲ, ಐಸ್‌ಕ್ರೀಮ್ ಮೆತ್ತಗಾಗಿದೆ. ಇದರ ಜೊತೆಗೆ “ಗ್ಯಾಸ್ ಖಾಲಿಯಾಗಿರಬೇಕು, ಬಂದು ತುಂಬಿಸಿಕೊಡಿ” ಎಂಬ ತೀರ್ಮಾನವೂ ಬಂದಿರುತ್ತದೆ. ಫ್ರಿಜ್ಜಿನ ಗ್ಯಾಸು ಅಡುಗೆ ಸಿಲಿಂಡರಿನದರಂತೆ ಬಳಸಿದಷ್ಟೂ ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುವ ಅದು ಎಲ್ಲಿಯಾದರೂ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿದ ಫ್ರಿಜ್ಜಿನ ಕಂಪ್ರೆಸರ್, ಅಂದರೆ ಆ ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು, ಸಾಮಾನ್ಯವಾಗಿ ಬಿಡುವಿಲ್ಲದೆ ಓಡುತ್ತದೆ. ಆದ್ದರಿಂದ ನಾನು ಫೋನಿನಲ್ಲಿಯೇ ಕೇಳುವ ಮೊದಲ ಪ್ರಶ್ನೆ, ಮೋಟಾರು ಸದ್ದು ಮಾಡುತ್ತಲೇ ಇದೆಯೋ, ಅಥವಾ ಬಹುಹೊತ್ತು ಸುಮ್ಮನಿರುತ್ತದೆಯೋ ಎಂಬುದು. ಸುಮ್ಮನಿರುತ್ತದೆ ಎಂದರೆ, ಯಂತ್ರಕ್ಕಿಂತ ಮೊದಲು ಆ ಮನೆಯ ಅಡುಗೆಮನೆಯನ್ನು ನೋಡಬೇಕಾಗುತ್ತದೆ.

ಒಂದೇ ಥರ್ಮೋಸ್ಟಾಟ್ ಇರುವ ಹಲವು ಎರಡು ಬಾಗಿಲಿನ ಫ್ರಿಜ್ಜುಗಳಲ್ಲಿ ಉಷ್ಣತೆಯನ್ನು ಅಳೆಯುವ ಭಾಗವು ಕೆಳಗಿನ ಖಾನೆಯಲ್ಲಿರುತ್ತದೆ. ಕೆಳಗೆ ಬೆಚ್ಚಗಾದರೆ ಮಾತ್ರ ಕಂಪ್ರೆಸರ್ ಓಡುತ್ತದೆ. ಫ್ರೀಜರಿನ ಸ್ಥಿತಿ ಅದಕ್ಕೆ ತಿಳಿಯುವುದೇ ಇಲ್ಲ. ಅಡುಗೆಮನೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ, 4 ಡಿಗ್ರಿಯ ಕೆಳಖಾನೆಗೂ ಹೊರಗಿಗೂ 21 ಡಿಗ್ರಿ ಅಂತರ, ಮೈನಸ್ 18ರ ಫ್ರೀಜರಿಗೂ ಹೊರಗಿಗೂ 43 ಡಿಗ್ರಿ ಅಂತರ ಇರುತ್ತದೆ. ಎತ್ತರದ ತೋಟದ ಮನೆಗಳಲ್ಲಿ, ಹಂಚಿನ ಮಾಡಿನ ಕೆಳಗೆ, ಬೆಳಗಿನ ಜಾವ 12 ಡಿಗ್ರಿಗೆ ಇಳಿದರೆ ಆ ಅಂತರಗಳು 8 ಮತ್ತು 30 ಆಗುತ್ತವೆ. ಅಂದರೆ ಒಳನುಗ್ಗುವ ಶಾಖವು ಕೆಳಖಾನೆಯಲ್ಲಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಫ್ರೀಜರಿನಲ್ಲಿ ಮಾತ್ರ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚೇ ಉಳಿದಿರುತ್ತದೆ. ಕೆಳಖಾನೆ ತೃಪ್ತವಾಗಿರುವುದರಿಂದ ಕಂಪ್ರೆಸರ್ ವಿಶ್ರಾಂತಿಯಲ್ಲಿರುತ್ತದೆ, ಮೇಲೆ ಐಸ್‌ಕ್ರೀಮ್ ಕರಗುತ್ತದೆ. ಇದಕ್ಕೆ ಸೇರಿಕೊಂಡಂತೆ, ಚಳಿ ಬಂದಿತಲ್ಲ ಎಂದು ಮನೆಯವರು ತಂಪಿನ ಗುಂಡಿಯನ್ನು ಕಡಿಮೆಗೆ ತಿರುಗಿಸಿರುತ್ತಾರೆ. ಇಂಥ ಫ್ರಿಜ್ಜಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ: ಗುಂಡಿಯನ್ನು ಸ್ವಲ್ಪ ಹೆಚ್ಚಿಸಬೇಕು, ಗಾಳಿಯನ್ನು ಹಂಚುವ ಎರಡನೆಯ ಗುಂಡಿ ಇದ್ದರೆ ಅದನ್ನು ಫ್ರೀಜರಿನ ಕಡೆಗೆ ಹೊರಳಿಸಬೇಕು, ಸಾಧ್ಯವಾದರೆ ಫ್ರಿಜ್ಜನ್ನು ಗಾಳಿಯಾಡುವ ಹಿಂಬದಿಯ ಜಗಲಿಯಿಂದ ಒಳಗೆ ತರಬೇಕು. ಕಂಪನಿಯವರು ಫ್ರಿಜ್ಜಿಗೆ ಅಂಟಿಸಿರುವ ಪಟ್ಟಿಯ ಮೇಲೆ ಹವಾಮಾನ ವರ್ಗದ ಅಕ್ಷರ ಇರುತ್ತದೆ. ‘ಟಿ’ ಎಂದಿದ್ದರೆ ಅದು 16ರಿಂದ 43 ಡಿಗ್ರಿಯ ಕೋಣೆಗೆ, ‘ಎಸ್‌ಎನ್’ ಎಂದಿದ್ದರೆ 10ರಿಂದ 32 ಡಿಗ್ರಿಯ ಕೋಣೆಗೆ ತಯಾರಾದದ್ದು. ಕೊಳ್ಳುವಾಗ ಬಣ್ಣವನ್ನು ನೋಡುವಷ್ಟು ಹೊತ್ತು ಯಾರೂ ಈ ಪಟ್ಟಿಯನ್ನು ನೋಡುವುದಿಲ್ಲ.

ಥರ್ಮೋಸ್ಟಾಟಿನ ತಂತಿಯನ್ನು ಫ್ರೀಜರಿನ ತಗಡಿಗೇ ಬಿಗಿದಿರುವ ಸಣ್ಣ ಒಂಟಿ ಬಾಗಿಲಿನ ಫ್ರಿಜ್ಜುಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಮಳೆಗಾಲದ ತೇವದ ಗಾಳಿಯಿಂದ ಹಿಮ ದಪ್ಪಗಟ್ಟುವುದೇ ದೊಡ್ಡ ತೊಂದರೆ. ಬಾಗಿಲಿನ ರಬ್ಬರನ್ನು ಪರೀಕ್ಷಿಸಿ, ಹಿಮವನ್ನು ತಾನಾಗಿಯೇ ಕರಗಲು ಬಿಟ್ಟರೆ ಸಾಕು. ಚಾಕುವಿನಿಂದ ಕೆರೆದು ತಗಡನ್ನು ತೂತು ಮಾಡಿದರೆ ಮಾತ್ರ ಗ್ಯಾಸು ನಿಜಕ್ಕೂ ಖಾಲಿಯಾಗುತ್ತದೆ, ಮತ್ತು ಈಗಿನ ಬಹುತೇಕ ಫ್ರಿಜ್ಜುಗಳಲ್ಲಿರುವ ಆರ್600ಎ ಹೊತ್ತಿಕೊಳ್ಳುವ ಗ್ಯಾಸು.

ತಾನಾಗಿಯೇ ಐಸ್ ಮಾಡುವ ದೊಡ್ಡ ಫ್ರಿಜ್ಜುಗಳಲ್ಲಿ ಫ್ರೀಜರಿಗೆ ಸಾಮಾನ್ಯವಾಗಿ ಪ್ರತ್ಯೇಕ ಸೆನ್ಸರ್ ಇರುವುದರಿಂದ ಚಳಿಯ ಕಾಟ ಕಡಿಮೆ. ಅಲ್ಲಿ ಕೈಕೊಡುವುದು ನೀರು. ನಲ್ಲಿಗೆ ಜೋಡಿಸುವ ಐಸ್ ಮೇಕರುಗಳು ಸಾಮಾನ್ಯವಾಗಿ ಕನಿಷ್ಠ 20 ಪಿಎಸ್‌ಐ (ಒತ್ತಡವನ್ನು ಅಳೆಯುವ ಮಾನ) ಒತ್ತಡವನ್ನು ಬಯಸುತ್ತವೆ. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 14 ಪಿಎಸ್‌ಐ. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕಿನಿಂದ ನಾಲ್ಕೈದು ಮೀಟರ್ ಇಳಿದು ಬರುವ ನೀರಿನಲ್ಲಿ ಆರೇಳು ಪಿಎಸ್‌ಐ ಮಾತ್ರ ಇರುತ್ತದೆ. ಆರ್‌ಓ ಯಂತ್ರವನ್ನು ದಾಟಿಸಿ ತಂದರೆ ಇನ್ನೂ ಕಡಿಮೆ. ಆಗ ಐಸ್ ಗಟ್ಟಿಗಳು ಚಿಕ್ಕದಾಗುತ್ತವೆ ಅಥವಾ ಬೀಳುವುದೇ ಇಲ್ಲ. ನೀರನ್ನು ಬಿಡುವ ವಾಲ್ವು ಬಿಗಿಯಾಗಿ ಮುಚ್ಚಲು ಕೂಡ ನೀರಿನ ಒತ್ತಡವೇ ಬೇಕಾಗಿರುವುದರಿಂದ, ಒತ್ತಡ ಕಡಿಮೆಯಿರುವಲ್ಲಿ ಅದು ಹನಿಯುತ್ತಲೇ ಇದ್ದು ಐಸ್ ಡಬ್ಬಿಯೊಳಗೆ ಒಂದೇ ಗಡ್ಡೆ ಕಟ್ಟುವುದೂ ಉಂಟು. ಗುಡ್ಡದ ಝರಿಯಿಂದ ಪೈಪಿನಲ್ಲಿ ನೀರು ತಂದುಕೊಂಡಿರುವ ತೋಟದ ಮನೆಗಳಿಗೆ ಒತ್ತಡ ಧಾರಾಳವಾಗಿರಬಹುದು, ಆದರೆ ಮಳೆಗಾಲದ ಮರಳು ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಮುಚ್ಚಿಬಿಡುತ್ತದೆ. ಹೀಗಾಗಿ ಐಸ್ ಮೇಕರಿನ ದೂರಿಗೆ ಹೋದಾಗ ನಾನು ಮೊದಲು ಕೇಳುವುದು ಟ್ಯಾಂಕು ಎಲ್ಲಿದೆ ಎಂದು. “ಫ್ರಿಜ್ ಒಳಗಿದೆ ಸರ್, ನೀವು ಮಾಳಿಗೆ ಹತ್ತುತ್ತಿದ್ದೀರಲ್ಲ” ಎಂದು ಕೇಳಿದವರಿದ್ದಾರೆ. ಒತ್ತಡವಿಲ್ಲದ ಮನೆಗೆ ಸಣ್ಣ ಬೂಸ್ಟರ್ ಪಂಪು ಒಂದು ದಾರಿ. ಕೈಯಿಂದ ನೀರು ತುಂಬಿಸುವ ತೊಟ್ಟಿಯಿರುವ ಮಾದರಿಯನ್ನೇ ಕೊಳ್ಳುವುದು ಅದಕ್ಕಿಂತ ಅಗ್ಗದ ಮತ್ತು ಸುಲಭದ ದಾರಿ ಎಂಬುದು ನನ್ನ ಅಭಿಪ್ರಾಯ.

ನೀರು ಸರಿಯಿದ್ದರೂ ಹೊಸ ಫ್ರಿಜ್ಜು ತಂದ ದಿನವೇ ಐಸ್ ಬೀಳಲಿಲ್ಲವೆಂದು ಕರೆಯುವವರುಂಟು. ತಟ್ಟೆಯ ಬಳಿಯ ಸೆನ್ಸರ್ ಸುಮಾರು ಮೈನಸ್ 9 ಅಥವಾ 10 ಡಿಗ್ರಿಯನ್ನು ಕಾಣುವವರೆಗೂ ಗಟ್ಟಿಗಳನ್ನು ಕೆಳಗೆ ಬೀಳಿಸುವ ಕೆಲಸ ಶುರುವಾಗುವುದಿಲ್ಲ. ಅದಕ್ಕೆ ಇಡೀ ಒಂದು ದಿನ ಹಿಡಿಯಬಹುದು. ಮೊದಲ ಕೆಲವು ಸುತ್ತಿನ ಐಸನ್ನು ಪಾನಕಕ್ಕೆ ಹಾಕದೆ ಚೆಲ್ಲಿಬಿಡಬೇಕು, ಏಕೆಂದರೆ ಹೊಸ ಪೈಪಿನ ಮತ್ತು ಫಿಲ್ಟರಿನ ವಾಸನೆ ಅದರಲ್ಲಿರುತ್ತದೆ.